ಹದಿಹರೆಯದ ಹಾಡು, ನಡುಹರೆಯದ ಹಳಹಳಿ



ದತ್ತಿ ಉಪನ್ಯಾಸ ಅಂದಕೂಡಲೇ ನಮ್ಮ ಕಡೆ ಒಂದು ಅಂದಾಜು ಇರುತ್ತದೆ. ವಚನ ಸಾಹಿತ್ಯ, ಏಕೀಕರಣದ ಹೋರಾಟ, ಬೇಂದ್ರೆ ಕಾವ್ಯ, ತಪ್ಪಿದರೆ ಹಿಂದುಸ್ತಾನಿ ಸಂಗೀತದ ಘರಾಣೆಗಳು. ಆ ಸಾಲಿನಲ್ಲಿ ರ‍್ಯಾಪ್ ಹಾಡಿನ ಹಿಪ್ ಹಾಪ್ ಅನ್ನುವ ಹೆಸರು ಕಂಡು ‘ಇದ್ಯಾಕ ಇಲ್ಲಿಗೆ ಬಂತು’ ಎಂದು ಯಾರಾದರೂ ಹುಬ್ಬು ಏರಿಸಿದರೆ ತಪ್ಪಿಲ್ಲ. ಅದು ಬಂದು ಆಗಲೇ ಬಹಳ ದಿನವಾಗಿದೆ ಎಂಬುದೇ ನನ್ನ ಉತ್ತರ. ಎಷ್ಟು ದಿನವೆಂದರೆ, ಅದನ್ನು ಕೇಳಿ ಬೆಳೆದ ಹುಡುಗರು ಈಗ ಮೂವತ್ತು ದಾಟಿ, ಹೊಲ ಗಳೇವು ಅಂಗಡಿ ನೌಕರಿ ಅಂತ ಹಚ್ಚಿಕೊಂಡು, ‘ನಮ್ಮ ಕಾಲದ ರ‍್ಯಾಪ್ ಬ್ಯಾರೇನ ಇತ್ತು, ಈಗಿನದರಾಗ ಏನೈತಿ’ ಎಂದು ಮಾತಾಡುವಷ್ಟು. ಅವರ ಅಪ್ಪಂದಿರು ಸಿನಿಮಾ ಹಾಡಿನ ಬಗ್ಗೆ, ಅಜ್ಜಂದಿರು ಕಂಪನಿ ನಾಟಕದ ಪದಗಳ ಬಗ್ಗೆ ಆಡಿದ ಮಾತೇ ಇದು. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತೂಗಿ ನೋಡುವುದು ಇವತ್ತಿನ ಕೆಲಸ. ಸುಳ್ಳ ಎಂಬ ಊರಾಗ ನಿಂತು ಸುಳ್ಳ ಹೇಳಬಾರದಲ್ಲ! ನನ್ನ ವಾದ ಇಷ್ಟು: ಹದಿಹರೆಯದ ಹಾಡಿನ ಹಳಹಳಿ ಆ ಹಾಡಿನ ಯೋಗ್ಯತೆಗೆ ಸಾಕ್ಷಿಯಲ್ಲ, ಆದರೆ ನಾವು ಹಾಡನ್ನು ಹೇಗೆ ಕೇಳುತ್ತಿದ್ದೆವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

‘ಹಳಹಳಿ’ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ನೆನಪು ಎಂದರೆ ಬರೀ ನೆನಪು. ಹಳಹಳಿಯಲ್ಲಿ ನೆನಪಿನ ಜೊತೆ ಒಂದು ಸಂಕಟವೂ ಇದೆ, ಕೈತಪ್ಪಿದ್ದು ತಿರುಗಿ ಬರಲಿಲ್ಲವೆಂಬ ಚಡಪಡಿಕೆ ಇದೆ. ಇಂಗ್ಲಿಷಿನವರು ಇದಕ್ಕೆ ಹೇಳುವ ನಾಸ್ಟಾಲ್ಜಿಯಾ ಮೊದಲಿಗೆ ಒಂದು ರೋಗದ ಹೆಸರಾಗಿತ್ತು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತನ್ನ ಪ್ರಬಂಧಕ್ಕಾಗಿ ಈ ಪದವನ್ನು ಕಟ್ಟಿದ. ಪರದೇಶದಲ್ಲಿ ಇದ್ದು ಊರಿನ ಚಿಂತೆಯಲ್ಲಿ ಕೊರಗುವವರ ಕಾಯಿಲೆ ಅದು. ದನ ಕಾಯುವವರ ಹಾಡಿನ ಧಾಟಿ ಕಿವಿಗೆ ಬಿದ್ದರೆ ಕೂಲಿಗೆ ದುಡಿಯುವ ಸ್ವಿಸ್ ಸಿಪಾಯಿಗಳು ಅಳುತ್ತಿದ್ದರು, ದಂಡು ಬಿಟ್ಟು ಓಡುತ್ತಿದ್ದರು, ಅದಕ್ಕೇ ದಂಡಿನಲ್ಲಿ ಆ ಧಾಟಿಯನ್ನು ನಿಷೇಧಿಸಿದ್ದರು ಎಂದು ತತ್ವಜ್ಞಾನಿ ರೂಸೋ ತನ್ನ ಸಂಗೀತ ಕೋಶದಲ್ಲಿ ಬರೆದಿದ್ದಾನೆ. ಆ ಧಾಟಿಯಲ್ಲಿ ಅಂಥ ವಿಶೇಷ ಶಕ್ತಿಯೇನೂ ಇಲ್ಲ, ಹೊರಗಿನವರ ಮೇಲೆ ಅದು ಯಾವ ಪರಿಣಾಮವನ್ನೂ ಮಾಡುವುದಿಲ್ಲ ಎಂದೂ ಅವನೇ ಸೇರಿಸಿದ್ದಾನೆ. ಹಾಡು ಅಲ್ಲಿ ಹಾಡಾಗಿ ಕೆಲಸ ಮಾಡುತ್ತಿಲ್ಲ, ನೆನಪಿನ ಗುರುತಾಗಿ ಕೆಲಸ ಮಾಡುತ್ತಿದೆ. ಇವತ್ತಿನ ಚರ್ಚೆಗೆ ಬೇಕಾದ ಬೀಗದ ಕೈ ಇದೇ. ಅಂದು ಕಾಡುತ್ತಿದ್ದದ್ದು ಬಿಟ್ಟುಬಂದ ಊರು, ಇಂದು ಕಾಡುವುದು ಬಿಟ್ಟುಬಂದ ವಯಸ್ಸು. ಊರಿಗಾದರೆ ಬಸ್ಸು ಸಿಗುತ್ತದೆ.

ಮೊದಲು ಸುಳ್ಳಿನ ಪಾಲನ್ನು ನೋಡೋಣ. ಹಿಪ್ ಹಾಪ್ ಹುಟ್ಟಿದ ದಿನವೆಂದು ಜಗತ್ತು ಒಪ್ಪಿಕೊಂಡಿರುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಹಾಡು ಹಾಕಿದವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. (ಬೇಂದ್ರೆಯವರಿಗೆ ‘ನಾಕುತಂತಿ’ಗಾಗಿ ಬಂದ ಜ್ಞಾನಪೀಠವೂ 1973ರದೇ. ಕಾಕತಾಳೀಯ, ಬೇರೇನೂ ಅಲ್ಲ. ಆದರೂ ಧಾರವಾಡ ಜಿಲ್ಲೆಯಲ್ಲಿ ನಿಂತು ಇದನ್ನು ಹೇಳದೆ ಬಿಡಲು ಮನಸ್ಸಾಗಲಿಲ್ಲ.) ಆ ಹುಟ್ಟಿಗೆ ಇಪ್ಪತ್ತೊಂದು ವರ್ಷ ತುಂಬುವಷ್ಟರಲ್ಲಿ, 1994ರಲ್ಲಿ, ಷಿಕಾಗೋದ ಕಾಮನ್ ಎಂಬ ಗಾಯಕ ಹಿಪ್ ಹಾಪನ್ನು ತಾನು ಚಿಕ್ಕಂದಿನಲ್ಲಿ ಪ್ರೀತಿಸಿದ ಹೆಣ್ಣಾಗಿ ಕಲ್ಪಿಸಿಕೊಂಡು, ಅವಳು ದುಡ್ಡಿನ ಬೆನ್ನುಹತ್ತಿ ಕೆಟ್ಟುಹೋದಳೆಂದು ಹಾಡು ಕಟ್ಟಿದ. ಹಿಪ್ ಹಾಪಿನ ಸುವರ್ಣಯುಗ ಎಂದು ಈಗ ಹಂಬಲಿಸುವುದು ಅದೇ ತೊಂಬತ್ತರ ದಶಕಕ್ಕೆ! ಅದೇ ವರ್ಷ ‘ಇಲ್‌ಮ್ಯಾಟಿಕ್’ ಎಂಬ ಮೊದಲ ಸಂಪುಟದಿಂದ ಹೆಸರು ಮಾಡಿದ ನಾಸ್, ಹನ್ನೆರಡು ವರ್ಷಗಳ ನಂತರ, 2006ರಲ್ಲಿ, ‘ಹಿಪ್ ಹಾಪ್ ಈಸ್ ಡೆಡ್’ ಎಂದೇ ಇನ್ನೊಂದು ಸಂಪುಟಕ್ಕೆ ಹೆಸರಿಟ್ಟ. ಸತ್ತಿತು ಎಂದು ಸಾರಿದ ಆ ಹೊತ್ತಿನಲ್ಲೇ ನಮ್ಮ ಕಡೆಯ ಹುಡುಗರು ಇನ್ನೂ ಕಿವಿ ತೆರೆಯುತ್ತಿದ್ದರು. ಒಬ್ಬರ ತಿಥಿ ಇನ್ನೊಬ್ಬರ ತೊಟ್ಟಿಲು.

ಇದು ಹಿಪ್ ಹಾಪಿಗಷ್ಟೇ ಅಂಟಿದ ಗೊಣಗಾಟವಲ್ಲ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿತ್ತು. ರಾತ್ರಿಯಿಡೀ ಬೆಳೆಯುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸುವುದೆಂದರೆ ಈಗಿನ ಮೂವತ್ತು ಸೆಕೆಂಡಿನ ರೀಲ್ಸಿಗಿಂತ ಕಡಿಮೆ ಹಿಂಸೆಯೇನಲ್ಲ. ಆದರೆ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಆ ಮೂರು ನಿಮಿಷಗಳನ್ನು ಇವತ್ತು ಕಣ್ಣಿಗೊತ್ತಿಕೊಂಡು ಕೇಳುತ್ತೇವೆ. 1911ರಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟಾಗ, ಪ್ರಾಸವಿಲ್ಲದ್ದು ಪದ್ಯವೇ ಅಲ್ಲ ಎಂಬ ಆಕ್ಷೇಪವನ್ನು ಕನ್ನಡ ಕಾವ್ಯ ಎದುರಿಸಬೇಕಾಯಿತು. ಪ್ರತಿ ಪೀಳಿಗೆಯೂ ತನ್ನ ಮುಂದಿನದನ್ನು ಅವನತಿ ಎಂದು ಕಂಡಿದ್ದರೆ, ಆ ತೀರ್ಪುಗಳೆಲ್ಲ ಒಟ್ಟಿಗೇ ನಿಜವಾಗಿರಲು ಸಾಧ್ಯವಿಲ್ಲ.

ಇದರ ಕಾರಣವನ್ನು ಮನಶ್ಶಾಸ್ತ್ರದವರು ಸಾಕಷ್ಟು ಅಗೆದಿದ್ದಾರೆ. ನಡುವಯಸ್ಸು ದಾಟಿದವರಿಗೆ ಬಾಳಿನ ನೆನಪುಗಳನ್ನು ಹೇಳಲು ಬಿಟ್ಟರೆ ಹತ್ತರಿಂದ ಮೂವತ್ತರ ನಡುವಿನ ವರ್ಷಗಳದೇ ರಾಶಿ ಬೀಳುತ್ತದೆ. ನೆನಪಿನ ಗುಡ್ಡ ಎನ್ನೋಣ ಅದನ್ನು. 1989ರಲ್ಲಿ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಇಬ್ಬರು ಸಂಶೋಧಕರು ಬೇರೆ ಬೇರೆ ವಯಸ್ಸಿನವರಿಗೆ ಹಳೆಯ ಹೊಸ ಹಾಡುಗಳನ್ನು ಕೇಳಿಸಿ ಅಂಕ ಕೊಡಲು ಹೇಳಿದರು. ತಮಗೆ ಸುಮಾರು ಇಪ್ಪತ್ತಮೂರೂವರೆ ವರ್ಷವಾಗಿದ್ದಾಗ ಬಂದ ಹಾಡುಗಳನ್ನೇ ಜನ ಹೆಚ್ಚು ಮೆಚ್ಚುತ್ತಾರೆ ಎಂದು ಹೊರಬಿತ್ತು. ಹಾಡು ಚೆನ್ನಾಗಿತ್ತೋ ಇಲ್ಲವೋ, ಅದು ಬಂದ ಮುಹೂರ್ತ ಚೆನ್ನಾಗಿತ್ತು. ಇಲ್ಲಿಗೆ ನಿಲ್ಲಿಸಿದರೆ ಉಪನ್ಯಾಸವೂ ಮುಗಿಯುತ್ತದೆ: ಎಲ್ಲ ಮಿದುಳಿನ ಆಟ, ಮನೆಗೆ ನಡೆಯಿರಿ. ಆದರೆ ಗುಡ್ಡ ಏಕಿದೆ ಎಂದು ಗೊತ್ತಾದ ಮಾತ್ರಕ್ಕೆ ಅದರ ಮೇಲೆ ಯಾವ ಗಿಡ ಬೆಳೆದಿದೆ ಎಂದು ತಿಳಿಯುವುದಿಲ್ಲ. ಬ್ರಾಂಕ್ಸಿನವನ ಹಳಹಳಿ, ಬೆಂಗಳೂರಿನವನ ಹಳಹಳಿ, ಹುಬ್ಬಳ್ಳಿಯ ಕೇಶ್ವಾಪುರದಿಂದ ಸುಳ್ಳದ ರಸ್ತೆ ಹಿಡಿದು ಮನೆಗೆ ಬರುತ್ತಿದ್ದ ಕಾಲೇಜು ಹುಡುಗನ ಹಳಹಳಿ ಒಂದೇ ಆಗಿರಲು ಸಾಧ್ಯವಿಲ್ಲ.

ಆ ಹುಡುಗ ಏನು ಕೇಳುತ್ತಿದ್ದ, ಹೇಗೆ ಕೇಳುತ್ತಿದ್ದ? 2008ರಿಂದ 2016ರವರೆಗಿನ ಮಾತು. ಒಂದು ಜಿಬಿ ಡೇಟಾಕ್ಕೆ ಇನ್ನೂರೈವತ್ತು ರೂಪಾಯಿ ಆಸುಪಾಸು ಇದ್ದ ಕಾಲ. ಆದ್ದರಿಂದ ಹಾಡು ಗಾಳಿಯಲ್ಲಿ ಬರುತ್ತಿರಲಿಲ್ಲ, ಮೊಬೈಲ್ ರಿಪೇರಿ ಅಂಗಡಿಯಿಂದ ಬರುತ್ತಿತ್ತು. ಉಗುರಿನಷ್ಟು ಮೆಮೊರಿ ಕಾರ್ಡು ತೆಗೆದು ಕೊಟ್ಟರೆ ಅಂಗಡಿಯವನು ತನ್ನ ಕಂಪ್ಯೂಟರಿನಿಂದ ಹಾಡು ತುಂಬಿ ಕೊಡುತ್ತಿದ್ದ. ಕೇಳಿದ್ದು ಹತ್ತು, ಬಂದದ್ದು ಇನ್ನೂರು. ಫೋಲ್ಡರಿಗೆ ಫೋಲ್ಡರನ್ನೇ ಎತ್ತಿ ಹಾಕುವುದು ಅವನಿಗೆ ಸಸಾರ. ಹೀಗಾಗಿ ಒಂದೇ ಕಾರ್ಡಿನೊಳಗೆ ಎಮಿನೆಮ್, ಫಿಫ್ಟಿ ಸೆಂಟ್, ಬೊಹೇಮಿಯಾ, ಹನಿ ಸಿಂಗ್, ಗುರುರಾಜ ಹೊಸಕೋಟೆಯವರ ಜನಪದ ಗೀತೆ, ಶಿಶುನಾಳ ಶರೀಫರ ತತ್ವಪದ, ಯಾವುದೋ ಜಾತ್ರೆಯ ಡೊಳ್ಳಿನ ಪದ ಎಲ್ಲ ಒಂದರ ಪಕ್ಕ ಒಂದು ಕೂತಿರುತ್ತಿದ್ದವು. ಹಾಡಿನ ಹೆಸರಿರಬೇಕಾದ ಜಾಗದಲ್ಲಿ ಯಾವುದೋ ವೆಬ್‌ಸೈಟಿನ ಹೆಸರು, ಇಲ್ಲವೇ ‘ಟ್ರ್ಯಾಕ್ 07’. ಹಾಡಿದವನು ಯಾರು, ಯಾವ ವರ್ಷದ್ದು, ಯಾವ ಸಂಪುಟದ್ದು ಒಂದೂ ಇಲ್ಲ. ಆಮೇಲೆ ಆ ಕಾರ್ಡು ಚೀನಾ ಫೋನಿಗೆ ಹೋಗಿ, ದೊಡ್ಡ ಸ್ಪೀಕರಿನಲ್ಲಿ ಬಸ್ಸಿನ ಹಿಂದಿನ ಸೀಟಿಗೆಲ್ಲ ಕೇಳುತ್ತಿತ್ತು. ಬ್ಲೂಟೂತಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಕೊನೆಗೆ ಟ್ರ್ಯಾಕ್ಟರಿನ ಡೆಕ್ಕಿಗೆ ಸೇರಿ ಹೆಸರು ಹೊಲದ ರಾಶಿ ಮುಗಿಯುವವರೆಗೆ ಬಡಿಯುತ್ತಿತ್ತು. 2011ರ ಹನಿ ಸಿಂಗನ ಸಂಪುಟಕ್ಕೆ ‘ಇಂಟರ್‌ನ್ಯಾಷನಲ್ ವಿಲೇಜರ್’ ಎಂದು ಹೆಸರು. ಅಂತಾರಾಷ್ಟ್ರೀಯ ಹಳ್ಳಿಗ! ಆ ಹೆಸರು ಹಾಡಿದವನಿಗಿಂತ ಕೇಳಿದವನಿಗೇ ಚೆನ್ನಾಗಿ ಒಪ್ಪುತ್ತಿತ್ತು.

ಈ ವಿವರದಿಂದ ಒಂದು ಮುಜುಗರದ ತೀರ್ಮಾನ ಹೊರಡುತ್ತದೆ. ಹಳಹಳಿಸುವವರ ದೊಡ್ಡ ದೂರು, ‘ಆವಾಗಿನ ರ‍್ಯಾಪಿನಾಗ ಅರ್ಥ ಇತ್ತು, ಈಗ ಬರೇ ಗದ್ದಲ’ ಎಂದು. ಆದರೆ ಎಮಿನೆಮ್‌ನ ಡೆಟ್ರಾಯ್ಟಿನ ಬೀದಿ ಇಂಗ್ಲಿಷಿನ ಆ ವೇಗ, ಪಂಜಾಬಿಯ ಆ ಒತ್ತಕ್ಷರಗಳು ಕನ್ನಡ ಮಾಧ್ಯಮದ ಕಿವಿಗೆ ಎಷ್ಟು ಅರ್ಥವಾಗಿದ್ದಾವು? ಅರ್ಥ ಬಾಯಿಗೆ ಬಂದದ್ದು ಬಹುಮಟ್ಟಿಗೆ ಆಮೇಲೆ, ಸಾಹಿತ್ಯವನ್ನು ಪರದೆಯ ಮೇಲೆ ಓದಲು ಸಾಧ್ಯವಾದ ಮೇಲೆ. ಆ ವಯಸ್ಸಿನಲ್ಲಿ ಕಿವಿ ಹಿಡಿದದ್ದು ಬಡಿತವನ್ನು, ಉಸಿರನ್ನು, ಪ್ರಾಸ ಬಿದ್ದ ಜಾಗದ ಪೆಟ್ಟನ್ನು. ಅಂದರೆ ಇಂದು ಯಾವುದನ್ನು ಬರೇ ಗದ್ದಲ ಎಂದು ತಳ್ಳುತ್ತಾರೋ ಅದನ್ನೇ ಅಂದು ಹೊಟ್ಟೆತುಂಬ ಸವಿದಿದ್ದರು. ಇದನ್ನು ಅವಮಾನ ಮಾಡಲು ಹೇಳುತ್ತಿಲ್ಲ. ಅರ್ಥ ಗೊತ್ತಿಲ್ಲದೆ ತತ್ವಪದ ಹಾಡಿಕೊಂಡು ಬಂದ ಜನ ನಾವು. ನಾದದ ಮೂಲಕ ಒಳಗೆ ಹೋದದ್ದು ಕಡಿಮೆ ದರ್ಜೆಯದಲ್ಲ. ಆದರೆ ಹಾಗೆ ಒಳಗೆ ಹೋದದ್ದಕ್ಕೆ ‘ಅರ್ಥವಿತ್ತು’ ಎಂಬ ಪ್ರಮಾಣಪತ್ರವನ್ನು ಈಗ ಹಿಂದಿನ ತಾರೀಖು ಹಾಕಿ ಬರೆದುಕೊಳ್ಳಬಾರದು.

ಹಾಗಾದರೆ ಏನೂ ಬದಲಾಗಿಲ್ಲವೇ, ಎಲ್ಲ ಕೇಳುವವನ ವಯಸ್ಸಿನ ದೋಷವೇ ಎಂದು ಕೇಳಬಹುದು. ಅಲ್ಲ. ಕೆಲವು ಬದಲಾವಣೆಗಳು ಕಾಗದದ ಮೇಲಿವೆ. ಹಳೆಯ ತಟ್ಟೆಗಳಿಂದ ತುಣುಕು ಕತ್ತರಿಸಿ ಹೊಸ ಹಾಡಿಗೆ ಹೊಲಿಯುವುದು ಮೊದಲ ಕಾಲದ ಹಿಪ್ ಹಾಪಿನ ಜೀವಾಳ. 1991ರ ಡಿಸೆಂಬರಿನಲ್ಲಿ ಬಿಜ್ ಮಾರ್ಕಿ ಎಂಬ ಗಾಯಕನ ಪ್ರಕರಣದಲ್ಲಿ ನ್ಯೂಯಾರ್ಕಿನ ಒಂದು ನ್ಯಾಯಾಲಯ, ಅನುಮತಿಯಿಲ್ಲದೆ ತುಣುಕು ಬಳಸುವುದು ಕಳ್ಳತನವೆಂದು ತೀರ್ಪು ಕೊಟ್ಟಿತು. ಅಲ್ಲಿಂದಾಚೆ ಒಂದು ಹಾಡಿನಲ್ಲಿ ಹತ್ತಾರು ತುಣುಕು ಸೇರಿಸುವುದು ದುಡ್ಡಿದ್ದವರಿಗೂ ಭಾರವಾಯಿತು. ಎಂಬತ್ತರ ದಶಕದ ಕೊನೆಯ ಆ ದಟ್ಟವಾದ ನಾದ ನಿಜವಾಗಿಯೂ ನಿಂತುಹೋಯಿತು. ಅದನ್ನು ಹಂಬಲಿಸುವವನು ಭ್ರಮೆಯಲ್ಲಿಲ್ಲ. ನಮ್ಮ ಕಡೆ ಅಷ್ಟೇ ಖಚಿತವಾದ ತಾರೀಖು 2016ರ ಸೆಪ್ಟೆಂಬರ್ 5, ಜಿಯೋ ಮೊಬೈಲ್ ಸೇವೆ ಬಂದ ದಿನ. ಡೇಟಾ ಪುಕ್ಕಟೆಯಾದ ಮೇಲೆ ಹಾಡು ತುಂಬುವ ಅಂಗಡಿ ಉಳಿಯಲಿಲ್ಲ; ಅಂಗಡಿಯವನ ಫೋಲ್ಡರಿನ ಜಾಗಕ್ಕೆ ಯಂತ್ರದ ಶಿಫಾರಸು ಬಂತು; ಸ್ಪೀಕರಿನ ಜಾಗಕ್ಕೆ ಕಿವಿಯೊಳಗಿನ ಇಯರ್‌ಫೋನು ಬಂತು. ಹಾಡು ಕೆಟ್ಟಿತೆಂದು ನಾನು ಹೇಳಲಾರೆ. ಇನ್ನೂರು ಹಾಡನ್ನು ವರ್ಷಗಟ್ಟಲೆ ನಾಲ್ಕು ಜನ ಒಟ್ಟಿಗೆ ಕೇಳುವ ಪದ್ಧತಿ ಹೋಯಿತು ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಇದು ಸಣ್ಣ ನಷ್ಟವಲ್ಲ. 2013ರಲ್ಲಿ ಕ್ರುಮ್‌ಹಾನ್ಸಲ್ ಮತ್ತು ಜಪ್ನಿಕ್ ಎಂಬವರು ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ತಮ್ಮ ಹಾಡುಗಳ ಜೊತೆಗೆ ತಂದೆ ತಾಯಿಯರ ಹರೆಯದ ಹಾಡುಗಳ ಬಗ್ಗೆಯೂ ಆಪ್ತತೆ ಇರುವುದು ಕಂಡಿತು. ಹಳಹಳಿ ಮನೆಯಲ್ಲಿ ಆಸ್ತಿಯಂತೆ ಹಂಚಿಕೆಯಾಗುತ್ತದೆ. ಆದರೆ ಹಂಚಿಕೆಯಾಗಬೇಕಾದರೆ ಅದು ಮನೆಯಲ್ಲಿ ಕೇಳಿಸಬೇಕು. ಧಾರವಾಡ ಆಕಾಶವಾಣಿ ಪಡಸಾಲೆಯಲ್ಲಿ ಕೇಳಿಸುತ್ತಿತ್ತು. ಅಪ್ಪನ ಇಯರ್‌ಫೋನಿನ ಹಾಡು ಮಗನಿಗೆ ಕೇಳುವುದಿಲ್ಲ.

ಕನ್ನಡದ ರ‍್ಯಾಪ್ ಬಂದದ್ದು ಕೇಳುವ ಈ ಎರಡು ಪದ್ಧತಿಗಳ ಹೊಸ್ತಿಲಿನಲ್ಲಿ. ಬೆಂಗಳೂರಿನ ಬ್ರೋಧಾ ವಿ 2012ರಲ್ಲಿ ‘ಆತ್ಮ ರಾಮ’ ಹಾಡಿದರೂ ಅದರ ರ‍್ಯಾಪ್ ಇಂಗ್ಲಿಷಿನದು. ಆಲ್ ಓಕೆ ಎಂದು ಕರೆದುಕೊಂಡ ಅಲೋಕ್, ಎಂಸಿ ಬಿಜ್ಜು, ರಾಹುಲ್ ಡಿಟ್ಟೊ ಮೊದಲಾದವರು ಕನ್ನಡಕ್ಕೆ ಬಾಯಿ ಕೊಟ್ಟರು. 2016ರ ಚಂದನ್ ಶೆಟ್ಟಿಯವರ ಮೂರು ಪೆಗ್ಗಿನ ಹಾಡು ಹಳ್ಳಿ ಹಳ್ಳಿಗೆ ಮುಟ್ಟಿತು. ಇವರ ಕಸುಬಿನಲ್ಲಿ ವಿಮರ್ಶಕರು ಗಮನಿಸದೆ ಬಿಟ್ಟ ಒಂದು ತೊಡಕಿದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ‘ಬರ್ತೀನಿ, ತರ್ತೀನಿ, ಇರ್ತೀನಿ’ ಎಂದು ಸಾಲು ಮುಗಿಸಿದರೆ ಅಂತ್ಯಪ್ರಾಸ ವ್ಯಾಕರಣವೇ ಪುಕ್ಕಟೆಯಾಗಿ ಕೊಟ್ಟದ್ದು. ಅದರಲ್ಲಿ ಕವಿಯ ಬೆವರಿಲ್ಲ. ಕನ್ನಡ ರ‍್ಯಾಪಿನ ಜೊಳ್ಳು ಸಾಲುಗಳೆಲ್ಲ ಈ ಪುಕ್ಕಟೆ ಪ್ರಾಸದ ಮೇಲೆ ನಿಂತಿವೆ. ಗಟ್ಟಿ ಕೈಯವನು ಕ್ರಿಯಾಪದವನ್ನು ನಡುವಿಗೆ ಎಳೆದು, ಸಾಲಿನ ಒಳಗೆ, ಮೊದಲಲ್ಲಿ ಪ್ರಾಸವನ್ನು ಹುದುಗಿಸುತ್ತಾನೆ. ಹೀಗೆ ಗೋವಿಂದ ಪೈಗಳು ಕಾವ್ಯದ ಬಾಗಿಲಿನಿಂದ ಹೊರಗೆ ಕಳಿಸಿದ ದ್ವಿತೀಯಾಕ್ಷರ ಪ್ರಾಸದ ಸಂಬಂಧಿಕರು ನೂರು ವರ್ಷದ ಮೇಲೆ ಟೊಪ್ಪಿಗೆ ತಿರುಗಿಸಿ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದ್ದಾರೆ. ಇನ್ನು ನಮ್ಮ ಮಾತು. ‘ಐತಿ’, ‘ಹೊಂಟಾನ’, ‘ಬರಾಕತ್ತೀನಿ’ ಇವುಗಳ ಕಡಿದ ತುದಿ, ಒತ್ತಿದ ದೀರ್ಘ ವೇಗದ ಬಡಿತಕ್ಕೆ ಹೇಳಿ ಮಾಡಿಸಿದಂತಿವೆ. ಆಡುಮಾತಿನ ಈ ಗುಣವನ್ನು ಕಾವ್ಯಕ್ಕೆ ಹಿಡಿದವರು ಬೇಂದ್ರೆ. ರ‍್ಯಾಪಿಗೆ ಅದು ಬೇಗ ಒದಗಲಿಲ್ಲ. ಬೆಂಗಳೂರಿನ ಉಚ್ಚಾರವೇ ಬಹುಕಾಲ ರ‍್ಯಾಪಿನ ಕನ್ನಡ ಅನ್ನಿಸಿಕೊಂಡಿತು. ಆದ್ದರಿಂದ ಸುಳ್ಳದ ಮೂವತ್ತರ ಗೃಹಸ್ಥನ ಹಳಹಳಿಗೆ ಒಂದು ವಿಚಿತ್ರ ಲಕ್ಷಣವಿದೆ. ಅವನು ಹಂಬಲಿಸುವ ಹಾಡಿನಲ್ಲಿ ಅವನ ಮನೆಯ ಮಾತು ಇರಲೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದೂ ಹೆಮ್ಮೆಯ ವೇಷದಲ್ಲಿ: ‘ರ‍್ಯಾಪ್ ನಮಗೇನು ಹೊಸದು? ಹರದೇಶಿ–ನಾಗೇಶಿ ಇರಲಿಲ್ಲವೇ?’ ಗಂಡು ಹೆಚ್ಚೆಂದು ಹರದೇಶಿ, ಹೆಣ್ಣು ಹೆಚ್ಚೆಂದು ನಾಗೇಶಿ. ದಪ್ಪು, ತುಂತುಣಿ, ತಾಳ ಹಿಡಿದು ಸವಾಲು ಜವಾಬಿನಲ್ಲಿ ಬೆಳಗು ಹರಿಸುವ ಎರಡು ಮೇಳ. ಎದುರಿನವನ ಪದವನ್ನೇ ಹಿಡಿದು ತಿರುಗಿಸಿ ಹೊಡೆಯುವುದು, ಜನ ಓ ಎಂದು ಕೂಗಿ ಗೆದ್ದವರನ್ನು ತೀರ್ಮಾನಿಸುವುದು, ಇವೆಲ್ಲ ರ‍್ಯಾಪ್ ಕಾಳಗಕ್ಕೆ ಕಣ್ಣಿಗೆ ಹೊಡೆಯುವಷ್ಟು ಹತ್ತಿರ. ಹುಲಕುಂದದ ಭೀಮಕವಿಯಂಥವರು ಇಂಥ ಮೇಳಗಳ ಗೀಗೀ ಪದವನ್ನು ಬ್ರಿಟಿಷರ ವಿರುದ್ಧ ತಿರುಗಿಸಿದ್ದೂ ಉಂಟು. ಆದರೂ ಇದನ್ನು ವಂಶಾವಳಿ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಬ್ರಾಂಕ್ಸಿನ ಕರಿಯ ಹುಡುಗರ ಬಡತನ, ಅವರ ಸಿಟ್ಟು, ಎರಡು ಟರ್ನ್‌ಟೇಬಲ್ ಇಟ್ಟು ಒಂದೇ ತಟ್ಟೆಯ ಬಡಿತವನ್ನು ಹಿಗ್ಗಿಸಿದ ಅವರ ಜಾಣ್ಮೆ ಅವರದೇ. ‘ನಮ್ಮಲ್ಲಿ ಎಲ್ಲ ಮೊದಲೇ ಇತ್ತು’ ಎಂಬುದು ಹಳಹಳಿಯ ಅತ್ಯಂತ ಸೋಮಾರಿ ರೂಪ. ನಾನು ಒಪ್ಪುವುದು ಇನ್ನೂ ಸಣ್ಣ ಮಾತನ್ನು: ಲಾವಣಿ, ಮೊಹರಂ ರಿವಾಯತು ಪದ ಕೇಳಿದ ಊರಿನ ಕಿವಿಗೆ ಪ್ರಾಸದ ಪೆಟ್ಟು ಎಲ್ಲಿ ಬೀಳಬೇಕೆಂದು ಮೊದಲೇ ಗೊತ್ತಿತ್ತು. ಹಾಡು ಪರದೇಶದ್ದು, ಕಿವಿ ಸ್ವಂತದ್ದು.

ಎರಡನೆಯ ಆಕ್ಷೇಪ ಹೆಣ್ಣುಮಕ್ಕಳಿಂದ ಬರಬೇಕಾದ್ದು, ಬಂದರೆ ನ್ಯಾಯವಾದದ್ದು. ಆ ಕಾರ್ಡಿನೊಳಗಿನ ಎಷ್ಟೋ ಹಾಡುಗಳು ಹೆಣ್ಣನ್ನು ಸರಕಿನಂತೆ ಕಂಡವು, ಕುಡಿತವನ್ನು ಗಂಡಸುತನ ಎಂದವು. ಹಾಕುವವನು ಗಂಡುಹುಡುಗ, ಸ್ಪೀಕರು ಅವನದು, ಬಸ್ಸಿನ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತವಳಿಗೆ ಬಂದ್ ಮಾಡೆನ್ನುವ ಹಕ್ಕಿರಲಿಲ್ಲ. ನಾಲ್ಕು ಜನ ಒಟ್ಟಿಗೆ ಕೇಳುವ ಪದ್ಧತಿಯನ್ನು ಆಗಲೇ ಹೊಗಳಿದೆ. ಆ ನಾಲ್ವರಲ್ಲಿ ಅವಳು ಇರಲಿಲ್ಲ. ಅವಳಿಗೆ ಇಯರ್‌ಫೋನು ನಷ್ಟವಲ್ಲ, ಬಿಡುಗಡೆ. ನನ್ನ ವಾದಕ್ಕೆ ಇದರಿಂದ ಪೆಟ್ಟು ಬೀಳುತ್ತದೆ, ಬೀಳಲಿ. ಹಳೆಯ ಹಾಡನ್ನು ಮತ್ತೆ ಹಚ್ಚುವವರು ಈ ಸಲ ಅರ್ಥವನ್ನೂ ಕೇಳಿಸಿಕೊಳ್ಳಬೇಕು.

ಕೊನೆಯದಾಗಿ, ಹಳಹಳಿಯಿಂದ ಏನು ಮಾಡಬಹುದು ಎಂದು ಹಿಪ್ ಹಾಪೇ ತೋರಿಸಿದೆ. ಅದು ಹುಟ್ಟಿದ್ದೇ ಅಪ್ಪ ಅಮ್ಮಂದಿರ ತಟ್ಟೆಗಳಿಂದ. 1969ರಲ್ಲಿ ವಿನ್‌ಸ್ಟನ್ಸ್ ಎಂಬ ತಂಡದ ಒಂದು ತಟ್ಟೆಯ ಹಿಂಬದಿಯ ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಆರೇಳು ಸೆಕೆಂಡು ಒಂಟಿಯಾಗಿ ಡ್ರಮ್ ಬಾರಿಸಿದ. ಆ ಆರೇಳು ಸೆಕೆಂಡನ್ನು ಕತ್ತರಿಸಿ ಸಾವಿರಾರು ಹಾಡುಗಳಲ್ಲಿ ಬಳಸಿದರು. ಕೋಲ್‌ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಮನೆಮಾರಿಲ್ಲದೆ ಸತ್ತ. ನಾದ ಉಳಿಯಿತು, ಹೆಸರು ಬಹಳ ತಡವಾಗಿ ಬಂತು. ಇದರ ಎದುರು ನಮ್ಮದೇ ಒಂದು ಉದಾಹರಣೆ ಇಡುತ್ತೇನೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿಗೆ ಹಳ್ಳಿಯ ಹಾಡಿನ ಹುಚ್ಚಿತ್ತು. ಅವರು ‘ಆ ಕಾಲ ಹೋತು’ ಎಂದು ಕಟ್ಟೆಯ ಮೇಲೆ ಕೂಡಲಿಲ್ಲ, ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಹಲಸಂಗಿಯ ಖಾಜಾಭಾಯಿ ಎಂಬ ಲಾವಣಿಕಾರನ ಹೆಸರು ಇವತ್ತಿಗೂ ನಮಗೆ ಗೊತ್ತಿರುವುದು ಇಂಥ ಬರೆದಿಡುವ ಕೆಲಸದಿಂದ.

ಸುಳ್ಳದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಹಳೆಯ ಟ್ರಂಕಿನಲ್ಲೋ ದೇವರ ಜಗಲಿಯ ಮೂಲೆಯಲ್ಲೋ ಆ ಕಾಲದ ಮೆಮೊರಿ ಕಾರ್ಡುಗಳು ಬಿದ್ದಿರಬಹುದು. ಎಮಿನೆಮ್ ಎಲ್ಲಿಯೂ ಹೋಗುವುದಿಲ್ಲ, ಅವನ ಚಿಂತೆ ಬೇಡ. ಅವನ ಪಕ್ಕದಲ್ಲಿ ‘ಟ್ರ್ಯಾಕ್ 07’ ಎಂಬ ಹೆಸರಿನಲ್ಲಿ ಕೂತಿರುವ ನಮ್ಮ ಕಡೆಯ ಡೊಳ್ಳಿನ ಪದ, ರಿವಾಯತು, ಜಾತ್ರೆಯ ಸವಾಲು ಜವಾಬು, ಯಾರೋ ಹುಡುಗ ಫೋನಿನಲ್ಲೇ ರೆಕಾರ್ಡ್ ಮಾಡಿದ ಕನ್ನಡ ರ‍್ಯಾಪು ಬೇರೆಲ್ಲಿಯೂ ಸಿಗಲಾರವು. ವರ್ಷಗಟ್ಟಲೆ ಕರೆಂಟು ಸೋಂಕದೆ ಬಿದ್ದ ಕಾರ್ಡಿನೊಳಗಿನದು ತಾನೇ ಸವೆದು ಹೋಗುತ್ತದೆ. ಇದ್ದವರು ಈ ವಾರವೇ ತೆಗೆದು ಕಂಪ್ಯೂಟರಿಗೆ ಇಳಿಸಿರಿ. ಹಾಡಿದವರು ಯಾರೆಂದು ಗುರುತು ಹಿಡಿಯುವ ಹಿರಿಯರು ಇನ್ನೂ ಊರಲ್ಲಿದ್ದಾರೆ. ಅವರನ್ನು ಕೂರಿಸಿ ಕೇಳಿಸಿ, ಹೆಸರು, ಊರು, ವರ್ಷ ಬರೆದಿಡಿರಿ. ಇಯರ್‌ಫೋನು ಬೇಡ, ಸ್ಪೀಕರಿನಲ್ಲಿ ಹಚ್ಚಿರಿ. ಈ ಸಲ ಹೆಣ್ಣುಮಕ್ಕಳನ್ನೂ ಕರೆಯಿರಿ.